ಬೋರಯ್ಯನ ಕೆಂಪು ದಾರ

"ಆ ನಂಬರು ಯಾರೂ ನೋಡಲ್ಲ ಮೇಡಂ," ಎಂದ ಬೋರಯ್ಯ.

"ನಾನು ನೋಡ್ತೀನಿ. ಓದಿ."

ಬೋರಯ್ಯ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿ ಕಂಪ್ಯೂಟರಿನ ಪರದೆಯ ಕಡೆ ಬಾಗಿದ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಒಂದೇ ತಗಡಿನ ಚಾವಣಿಯ ಕೆಳಗೆ ಅವನದು ಎರಡು ಕಸುಬು. ಎಡಕ್ಕೆ ಗ್ಯಾರೇಜು, ಬಲಕ್ಕೆ ಬಂಡಿಗಳ ಹೊಗೆ ತಪಾಸಣೆಯ ಎಮಿಷನ್ ಟೆಸ್ಟ್ ಸೆಂಟರು. ಎಡಗಡೆ ರಿಪೇರಿ ಮಾಡುತ್ತಿದ್ದ. ಬಲಗಡೆ, ರಿಪೇರಿ ಸರಿಯಾಗಿದೆ ಎಂದು ತಾನೇ ಸರ್ಟಿಫಿಕೇಟ್ ಕೊಡುತ್ತಿದ್ದ.

"ಆಕ್ಸಿಜನ್ನು... ಹನ್ನೊಂದು."

"ಅದಕ್ಕಿಂತ ಮುಂಚಿನ ಟೆಸ್ಟಿನಲ್ಲಿ?"

"ಸೊನ್ನೆ ಪಾಯಿಂಟ್ ಎಂಟು."

ಸಬ್ ಇನ್‌ಸ್ಪೆಕ್ಟರ್ ಮಂಗಳಗೌರಿ ಎರಡೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡಳು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಸೋಮಶೇಖರಪ್ಪನವರ ಒಬ್ಬಳೇ ಮಗಳು ಶೈಲಜಾ, ಮನೆಯ ವ್ಯಾನಿನಲ್ಲಿ ಸೀರೆ ಗಂಟಿಗೆ ಒರಗಿ ನಿದ್ದೆ ಹೋದಂತೆ ಸತ್ತು ಸಿಕ್ಕಿ ಇಂದಿಗೆ ಒಂಬತ್ತು ದಿನ. ವ್ಯಾನ್ ಓಡಿಸುತ್ತಿದ್ದ ಓಬಳೇಶ ಕೊಲೆ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದ.

ಅವಳನ್ನು ಕೊಂದದ್ದು ಏನು ಎಂಬುದು ನಿನ್ನೆ ಪ್ರಯೋಗಾಲಯದ ವರದಿಯಿಂದ ಗೊತ್ತಾಗಿತ್ತು. ವಿಷ ಅಲ್ಲ, ಉಸಿರು ಕಟ್ಟಿಸಿದ್ದೂ ಅಲ್ಲ. ರಕ್ತದ ತುಂಬ ಕಾರ್ಬನ್ ಮೊನಾಕ್ಸೈಡ್. ಅಂದರೆ ಹೊಗೆ. ಬಣ್ಣ, ವಾಸನೆ ಇಲ್ಲದ ಹೊಗೆ.

ಅದು ಒಳಗೆ ಹೇಗೆ ಬಂತು ಎಂಬುದು ಇವತ್ತು ಬೆಳಿಗ್ಗೆ ತಿಳಿಯಿತು. ವ್ಯಾನನ್ನು ಮೇಲೆತ್ತಿ ನೋಡಿದ ಮೋಟಾರು ವಾಹನ ನಿರೀಕ್ಷಕರು, ಇಂಜಿನ್ನಿನಿಂದ ಬರುವ ಹೊಗೆ ಪೈಪು ಮುಂದಿನ ಪೈಪಿಗೆ ಕೂಡುವ ಕಡೆ ಕಡ್ಡಿಯಷ್ಟು ಅಗಲದ ಸಂದಿ ಕಂಡಿದ್ದರು. ಅದು ತಾನಾಗಿ ಬಿಟ್ಟ ಸಂದಿ ಅಲ್ಲ. ಎರಡು ಬೋಲ್ಟುಗಳಲ್ಲೂ ಪೈಪುಗಳ ನಡುವೆ ಒಂದೊಂದು ವಾಷರ್ ಇತ್ತು. ಆ ಎರಡು ವಾಷರುಗಳು ಈಗ ಮಂಗಳಗೌರಿಯ ಚೀಲದಲ್ಲಿ, ಮೊಹರು ಮಾಡಿದ ಲಕೋಟೆಯಲ್ಲಿದ್ದವು.

"ಶನಿವಾರ ಹತ್ತು ಗಂಟೆ ಹದಿನಾಲ್ಕು ನಿಮಿಷ," ಅವಳು ಓದಿದಳು. "ಕಾರ್ಬನ್ ಮೊನಾಕ್ಸೈಡ್ ಸೊನ್ನೆ ಪಾಯಿಂಟ್ ಒಂಬತ್ತು. ಈ ಬಂಡಿಗೆ ಇರೋ ಮಿತಿ ಅರ್ಧ. ಫೇಲ್. ಹತ್ತು ಐವತ್ತಾರಕ್ಕೆ ಅದೇ ಬಂಡಿ, ಸೊನ್ನೆ ಪಾಯಿಂಟ್ ನಲವತ್ನಾಲ್ಕು. ಪಾಸ್. ನಲವತ್ತೆರಡು ನಿಮಿಷದಲ್ಲಿ ಏನು ರಿಪೇರಿ ಮಾಡಿದ್ರಿ?"

"ಪ್ಲಗ್ ಕ್ಲೀನ್ ಮಾಡ್ದೆ. ಏರ್ ಫಿಲ್ಟರ್ ಊದಿದೆ."

"ಇಂಜಿನ್ ಚೆನ್ನಾಗಿ ಉರಿದ್ರೆ ಕೆಟ್ಟ ಗ್ಯಾಸು ಇಳೀಬೇಕು. ಏರಬೇಕಾದ ಕಾರ್ಬನ್ ಡೈ ಆಕ್ಸೈಡ್ ಯಾಕೆ ಹದಿನಾಲ್ಕರಿಂದ ಏಳಕ್ಕೆ ಇಳೀತು? ಎಲ್ಲಾ ಅರ್ಧ ಆಗೈತೆ. ಆಕ್ಸಿಜನ್ ಒಂದೇ ಏರೈತೆ."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಪಾತಣ್ಣ ಗಂಟಲು ಸರಿಮಾಡಿಕೊಂಡ.

"ಲೇ ಬೋರಯ್ಯ, ನಮ್ಮ ಮೇಡಂ ಬಿಎಸ್ಸಿ ಓದ್ಯಾರೆ. ನಾನಾಗಿದ್ರೆ ನಿನ್ ಪ್ಲಗ್ಗಿನ ಕಥೆ ನಂಬ್ತಿದ್ದೆ."

ಬೋರಯ್ಯ ಸ್ಟೂಲಿನ ಮೇಲೆ ಕುಳಿತ. ವಯಸ್ಸು ಐವತ್ತೆಂಟು, ಕುಳಿತಾಗ ಇನ್ನೂ ಹೆಚ್ಚಾದಂತೆ ಕಂಡಿತು.

"ಹಾಲಿಗೆ ನೀರು ಬೆರೆಸ್ದಂಗೆ ಮೇಡಂ," ಎಂದ. "ಹೊಗೆಗೆ ಗಾಳಿ ಬೆರೆಸಾದು. ಪೈಪು ಕೂಡೋ ಕಡೆ ಬೋಲ್ಟು ಸಡಿಲ ಮಾಡಿ, ನಡುವೆ ಒಂದೊಂದು ವಾಷರ್ ಕೊಡ್ತೀವಿ. ಬಂಡಿ ನಿಂತಲ್ಲೇ ಉರೀತಿರುವಾಗ ಆ ಸಂದ್ಯಾಗೆ ಹೊರಗಿನ ಗಾಳಿ ಎಳ್ಕೊಂತದೆ. ಹಿಂದೆ ಸೈಲೆನ್ಸರಿಗೆ ಇಟ್ಟ ನಳಿಕೆಗೆ ಅರ್ಧ ಹೊಗೆ, ಅರ್ಧ ಗಾಳಿ ಹೋಗ್ತದೆ. ರೀಡಿಂಗ್ ಇಳೀತದೆ."

"ಓಡುವಾಗ?"

"ಓಡುವಾಗ..." ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಕೈ ಮೊದಲೇ ಒಣಗಿತ್ತು. "ನಿಂತಾಗ್ಲೂ ಒಂದಿಷ್ಟು ಹೊಗೆ ಸೋರ್ತದೆ. ಎಕ್ಸಿಲೇಟರ್ ಒತ್ತಿದ್ರೆ ಇನ್ನೂ ಜೋರಾಗಿ ಹೊರಗೆ ನೂಕ್ತದೆ."

"ಆ ಬಂಡಿಯಲ್ಲಿ ಆ ಸಂದಿ ಎಲ್ಲಿ ಬರ್ತದೆ?"

"ಮುಂದಿನ ಸೀಟಿನ ಕೆಳಗೆ."

ಹೊರಗೆ ಶೇಂಗಾ ಚೀಲ ಹೇರಿದ ಲಾರಿಯೊಂದು ಕಪ್ಪು ಹೊಗೆ ಬಿಡುತ್ತ ಹೋಯಿತು.

"ಸರಿಯಾದ ರಿಪೇರಿ ಏನಿತ್ತು?"

"ಸೆನ್ಸರ್ ಹೋಗಿತ್ತು. ಬದಲಾಯಿಸ್ಬೇಕಿತ್ತು. ನಾಲ್ಕು ದಿನ ಬಂಡಿ ಬಿಡ್ರಿ ಅಂದೆ. ಮಂಗಳವಾರ ತುಮಕೂರಾಗೆ ಸೀರೆ ಮೇಳ ಐತೆ, ಬಿಡಾಕಾಗಲ್ಲ ಅಂದ್ರು. ಆದ್ರೆ ನಾನು ಸುಮ್ನೆ ಕಳಿಸಲ್ಲ ಮೇಡಂ. ವಾಷರ್ ಹಾಕಿದ ಬಂಡಿ ಕೀಗೆ ಒಂದು ಕೆಂಪು ದಾರ ಕಟ್ತೀನಿ. ದಾರ ಐತೆ ಅಂದ್ರೆ ಆ ಬಂಡಿ ವಾಪಸ್ ಬರ್ಬೇಕು. ವಾಷರ್ ತೆಗೆದು ಬಿಗಿ ಮಾಡಿ, ನಾನೇ ದಾರ ಬಿಚ್ಚಾದು. ಇಪ್ಪತ್ತು ವರ್ಷದಿಂದ ಹಂಗೇ."

"ಅಯ್ಯೋ ನಿನ್ನ!" ಪಾತಣ್ಣ ಹಣೆ ಮುಟ್ಟಿಕೊಂಡ. "ನಾನು ನಾಯಕನಹಟ್ಟಿ ದೇವರ ದಾರ ಅನ್ಕೊಂಡಿದ್ನಲ್ಲೋ. ಎಷ್ಟು ಬಂಡ್ಯಾಗೆ ನೋಡೀನಿ. ಕೈ ಬೇರೆ ಮುಗಿದೀನಿ."

ಮಂಗಳಗೌರಿ ನಗಲಿಲ್ಲ. "ಈ ಬಂಡಿ ವಾಪಸ್ ಬಂತಾ?"

"ಬರ್ಲಿಲ್ಲ."

"ಫೋನ್ ಮಾಡಿದ್ರಾ?"

"ಭಾನುವಾರ ಮಾಡ್ದೆ. ಎತ್ತಲಿಲ್ಲ. ಸೋಮವಾರ ಕೆಲಸ ಜಾಸ್ತಿ ಇತ್ತು, ಮರೆತೆ."

"ಮಂಗಳವಾರ?"

ಮಂಗಳವಾರ ಬೆಳಿಗ್ಗೆ ಏಳೂ ನಲವತ್ತಕ್ಕೆ ಶೈಲಜಾ ಸತ್ತು ಸಿಕ್ಕಿದ್ದಳು. ಬೋರಯ್ಯ ಕನ್ನಡಕ ತೆಗೆದು ಮಡಿಸಿದ.

"ಶನಿವಾರ ಬಂಡಿ ತಂದವರು ಯಾರು? ದಾರದ ವಿಷಯ ಯಾರಿಗೆ ಹೇಳಿದ್ರಿ?"

"ಯಜಮಾನ್ರಿಗೇ. ಸೋಮಶೇಖರಪ್ಪನೋರೇ ಬಂದಿದ್ರು, ಒಬ್ಬರೇ. ಡ್ರೈವರ್ ಎಲ್ಲಿ ಸ್ವಾಮೀ ಅಂದ್ರೆ, ಅವ್ನಿಗೆ ಇವತ್ತು ರಜಾ ಅಂದ್ರು."

ಮಂಗಳಗೌರಿ ಬರೆಯುವುದನ್ನು ನಿಲ್ಲಿಸಿದಳು. ಶನಿವಾರ ಎಲ್ಲಿಗೂ ಹೋಗಿರಲಿಲ್ಲ ಎಂದು ಸೋಮಶೇಖರಪ್ಪ ಹೇಳಿಕೆ ಕೊಟ್ಟಿದ್ದರು. ಕೆಳಗೆ ಅವರ ಸಹಿ ಇತ್ತು.

* * *

ಜೀಪು ತಳುಕು ದಾಟಿತು. ಪಾತಣ್ಣನಿಗೆ ತಡೆಯಲಾಗಲಿಲ್ಲ.

"ಹಂಗಾದ್ರೆ ಓಬಳೇಶ ಪಾರಾದ ಅಲ್ವಾ ಮೇಡಂ?"

ಮಂಗಳಗೌರಿ ಮಡಿಲಲ್ಲಿದ್ದ ಕಡತ ತೆರೆದಳು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಕೊಲೆಯ ಕಲಮು ಉಳಿಯುತ್ತದೋ ಬೀಳುತ್ತದೋ ಎಂಬುದು ಅವಳು ಒಪ್ಪಿಸುವ ವರದಿಯ ಮೇಲೆ ನಿಂತಿತ್ತು.

ಅವನ ವಿರುದ್ಧ ಇದ್ದದ್ದು ಇಷ್ಟು. ಸಾಯುವುದಕ್ಕೆ ಹದಿನೈದು ದಿನ ಮುಂಚೆ ಶೈಲಜಾ ನೇಕಾರರೆಲ್ಲರ ಎದುರಿಗೆ ಅವನನ್ನು ಬೈದಿದ್ದಳು. ಕೇಳದೆ ವ್ಯಾನ್ ಬಾಡಿಗೆಗೆ ಓಡಿಸುತ್ತಾನೆ, ಯುಗಾದಿ ಆದ ಮೇಲೆ ಕೆಲಸಕ್ಕೆ ಬರುವುದು ಬೇಡ ಎಂದಿದ್ದಳು. ಎರಡನೆಯದು, ಅದೇ ವ್ಯಾನಿನಲ್ಲಿದ್ದೂ ಅವನು ಬದುಕಿದ್ದ.

ಬದುಕಿದ್ದಕ್ಕೆ ಕಾರಣವೂ ಇತ್ತು. ಎಲೆ ಅಡಿಕೆ ಉಗಿಯಲು ಅವನು ತನ್ನ ಕಡೆಯ ಗಾಜನ್ನು ನಾಲ್ಕು ಬೆರಳು ಇಳಿಸಿದ್ದ. ತುಮಕೂರಿನ ಮೇಳಕ್ಕೆ ಹೋಗುವ ದಾರಿಯಲ್ಲಿ, ಚಳ್ಳಕೆರೆಯಲ್ಲಿ ಇಪ್ಪತ್ತು ನಿಮಿಷ ಟೀಗೆ ಇಳಿದಿದ್ದ. ಸೆಲ್ಫ್ ತೊಂದರೆ ಕೊಡುತ್ತದೆ, ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂದು ಇಂಜಿನ್ ನಿಲ್ಲಿಸಿರಲಿಲ್ಲ. ಶೈಲಜಾ ಒಳಗೆ ಮಲಗಿದ್ದಳು. ಸಾಣೀಕೆರೆಯ ಹತ್ತಿರ ಅವನಿಗೆ ತಲೆ ಸುತ್ತಿ, ವ್ಯಾನು ರಸ್ತೆ ಬಿಟ್ಟು ಜಾಲಿಗಿಡಕ್ಕೆ ನುಗ್ಗಿತ್ತು. ಜನ ಬಂದು ನೋಡಿದಾಗ ಅವನಿಗೂ ಎಚ್ಚರ ತಪ್ಪಿತ್ತು.

"ಟೆಸ್ಟ್ ವಿಷಯ ನನಗೆ ಗೊತ್ತಿಲ್ಲ ಮೇಡಂ. ಬಂಡಿ ಓಡಿಸಾದು ನನ್ ಕೆಲಸ. ಕೆಳಗೆ ನುಸುಳಾದು ಮೆಕ್ಯಾನಿಕ್ ಕೆಲಸ," ಎಂದು ನಿನ್ನೆ ವರದಿ ಬಂದ ಮೇಲೆ ಓಬಳೇಶ ಮೂರು ಸಲ ಹೇಳಿದ್ದ. ಮೂರು ಸಲವೂ ಅದೇ ಮಾತು. ಇವತ್ತು ಬೋರಯ್ಯನ ಹೇಳಿಕೆ ಅದಕ್ಕೆ ಸರಿಯಾಗಿ ಕೂಡಿತ್ತು.

"ವಾಷರ್ ಇರೋದು ಗೊತ್ತಿದ್ದವರು ಇಬ್ಬರೇ," ಅಂದಳು ಕೊನೆಗೆ. "ಬೋರಯ್ಯ ಮತ್ತೆ ಸೋಮಶೇಖರಪ್ಪ. ಗೊತ್ತೇ ಇಲ್ಲದವನು ಅದರಿಂದ ಕೊಲೆ ಮಾಡೋಕೆ ಆಗಲ್ಲ."

"ಮತ್ತೆ ಆ ಯಪ್ಪ ಯಾಕೆ ಸುಳ್ಳು ಹೇಳಿದ?"

"ಅದನ್ನೇ ಕೇಳೋಕೆ ಹೋಗ್ತಿರೋದು."

ಬಿ.ಜಿ. ಕೆರೆಯಲ್ಲಿ ಓಬಳೇಶನ ಅವ್ವ ಲಕ್ಷ್ಮಕ್ಕ ಮನೆಯ ಮುಂದೆ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಜೀಪು ನಿಂತ ಕೂಡಲೇ ಎದ್ದಳು. ಮಡಿಲಿನ ಬೀಜಗಳೆಲ್ಲ ನೆಲಕ್ಕೆ ಚೆಲ್ಲಿದವು.

"ಏನಾತ್ರವ್ವಾ? ನನ್ ಮಗಂಗೆ ಏನಾರ ಆತಾ?"

"ಏನೂ ಆಗಿಲ್ಲ. ಚೆನ್ನಾಗಿದ್ದಾನೆ."

"ಬರ್ತಾನೆ ಬಿಡಕ್ಕ ಹುಡುಗ," ಎಂದುಬಿಟ್ಟ ಪಾತಣ್ಣ.

ಮಂಗಳಗೌರಿ ಅವನ ಕಡೆ ನೋಡಿದಳು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವಂತಿರಲಿಲ್ಲ. ಲಕ್ಷ್ಮಕ್ಕ ಒಳಗೆ ಓಡಿದವಳು ಪ್ಲಾಸ್ಟಿಕ್ ಚೀಲ ತಂದಳು. ಮಡಿಸಿದ ತಿಳಿನೀಲಿ ಅಂಗಿ.

"ನಾಳೆ ಕೋರ್ಟಿಗೆ ಇದನ್ನ ಹಾಕ್ಕಳಾಕೆ ಹೇಳ್ರವ್ವಾ. ಇರೋದ್ರಾಗೆ ಇದೇ ಚೆಂದಾಗೈತೆ. ಬೆನ್ನಾಗೆ ಒಂದಿಷ್ಟು ಕಪ್ಪು ಉಳಕಂಡೈತೆ, ಅದೊಂದು ನೋಡಬ್ಯಾಡ್ರಿ. ಸೋಪು ಹಚ್ಚಿದೆ, ಸೀಮೆಣ್ಣೆ ಹಚ್ಚಿದೆ, ಬಿಡ್ಲಿಲ್ಲ. ಆ ಕೆಟ್ಟ ಮಂಗಳವಾರಕ್ಕೆ ಮೂರು ದಿನ ಮುಂಚೆ ಬೆನ್ನೆಲ್ಲ ಆಯಿಲ್ ಬಳಕಂಡು ಬಂದ. ಒಗೆದು ಒಣಗಾಕಿದ್ರೆ, ಸೋಮವಾರ ತಿರುಗ ಅದೇ ಅಂಗೀನ ಹಂಗೇ ಮಾಡ್ಕಂಡು ಬರಬೇಕಾ? ಎರಡು ಸಲ ಒಗೆದೀನಿ ತಾಯಿ. ಜಜ್ಜು ಮುಂದೆ ನಿಂತ್ರೆ ಬೆನ್ನು ಕಾಣಲ್ಲ ಬಿಡ್ರಿ."

ಅವಳು ನಕ್ಕಳು. ಒಂಬತ್ತು ದಿನದಲ್ಲಿ ಮೊದಲ ಸಲ ಇರಬೇಕು.

ಮಂಗಳಗೌರಿ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟಳು. ಅವಳ ತಲೆಯಲ್ಲಿ ಸೋಮಶೇಖರಪ್ಪನವರಿಗೆ ಕೇಳಬೇಕಾದ ಪ್ರಶ್ನೆಗಳಿದ್ದವು. ಅವುಗಳಲ್ಲಿ ಒಂದನ್ನು ಯಾವ ತಂದೆಗೂ ಕೇಳಬಾರದಿತ್ತು.

* * *

ಮೊಳಕಾಲ್ಮೂರಿನ ಆ ಮನೆಯ ಹಜಾರದಲ್ಲಿ ನಾಲ್ಕು ಮಗ್ಗಗಳು ಒಂಬತ್ತು ದಿನದಿಂದ ನಿಂತಿದ್ದವು. ಒಂದರ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಧೂಳು ಕೂರದಂತೆ ಅದರ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು.

ಸೋಮಶೇಖರಪ್ಪ ಚಾಪೆಯ ಮೇಲೆ ಕುಳಿತಿದ್ದರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು.

"ನಾಳೆ ಅವನಿಗೆ ಏನಾಗ್ತದೆ?" ಅವರ ಮೊದಲ ಮಾತೇ ಅದು.

"ಅದಕ್ಕಿಂತ ಮುಂಚೆ ಒಂದು ಮಾತು ಯಜಮಾನ್ರೇ. ಶನಿವಾರ ನೀವು ಚಳ್ಳಕೆರೆಗೆ ಹೋಗಿದ್ರಿ."

ಅವರು ತಲೆ ತಗ್ಗಿಸಿದರು. ಅಲ್ಲಗಳೆಯಲಿಲ್ಲ.

"ಅಸಲಿ ರೇಷ್ಮೆ ಅಂತ ಮುದ್ರೆ ಒತ್ತಿ ಸೀರೆ ಮಾರೋ ಮನೆ ನಮ್ಮದು ಅಮ್ಮಾ. ಮೂರು ತಲೆಮಾರು. ಫೇಲಾದ ಬಂಡಿಗೆ ಪಾಸ್ ಅಂತ ಸರ್ಟಿಫಿಕೇಟ್ ತಗಂಡೆ ಅಂತ ಹೇಳಾಕೆ ಬಾಯಿ ಬರ್ಲಿಲ್ಲ. ಮಗಳು ಸತ್ತಿರುವಾಗ ಅದೊಂದು ವಿಷಯಾನಾ ಅಂದ್ಕಂಡೆ."

"ವಿಷಯವೇ. ಶೈಲಜಾ ಸತ್ತಿದ್ದು ಹೊಗೆಯಿಂದ. ನಿಮ್ಮ ವ್ಯಾನಿನ ಹೊಗೆಯಿಂದಲೇ."

ಅವರು ಅವಳ ಮುಖವನ್ನೇ ನೋಡಿದರು.

ಈಗ ಆ ಪ್ರಶ್ನೆ. ಮಂಗಳಗೌರಿ ದನಿ ತಗ್ಗಿಸಿದಳು. "ವ್ಯಾನಿನ ಬಾಗಿಲು, ಕಿಟಕಿ ಸಂದಿಗಳಲ್ಲೆಲ್ಲ ರೇಷ್ಮೆ ಎಳೆ ತುರುಕಿದೆ. ಬಿಗಿಯಾಗಿ. ಅದು ಯಾರ ಕೆಲಸ?"

"ನಂದೇ. ಮಗ್ಗದ ವೇಸ್ಟು. ಪ್ರತಿ ಮೇಳಕ್ಕೆ ಮುಂಚೆ ನಾನೇ ತುಂಬ್ತೀನಿ. ಈ ರಸ್ತೆ ಕೆಮ್ಮಣ್ಣು ಬಿಳೀ ಸೀರೆ ಮೇಲೆ ಕೂತ್ರೆ ಹೋಗಲ್ಲ. ಒಂದು ಎಳೆ ಗಾಳಿ ಕೂಡ ಆಡಬಾರದು, ಹಂಗೆ..."

ಮಾತು ಅಲ್ಲಿಗೆ ನಿಂತಿತು. ತನ್ನ ಮಾತನ್ನು ತಾನೇ ಕೇಳಿಸಿಕೊಂಡವರಂತೆ ಅವರು ಕೈಗಳನ್ನು ತಿರುಗಿಸಿ ನೋಡಿದರು. ಬೆರಳ ತುದಿಗಳಲ್ಲಿ ಬಣ್ಣದ ಕಲೆಗಳಿದ್ದವು.

"ಒಂದೇ ಒಂದು ಕಡೆ ತುಂಬಿರಲಿಲ್ಲ," ಎಂದರು. "ಮುಂದಿನ ಸೀಟಿನ ಕೆಳಗೆ ಇಂಜಿನ್ ಮುಚ್ಚಳ ಐತಲ್ಲ, ಅದರ ಸುತ್ತ. ಅಲ್ಲಿ ಬಿಸಿ ಜಾಸ್ತಿ, ರೇಷ್ಮೆ ಸುಡ್ತದೆ ಅಂತ ಬಿಟ್ಟೆ."

ಪಾತಣ್ಣ ಎದ್ದು ಹೊರಗೆ ಹೋದ.

ಒಳಗಿನಿಂದ ಹೆಂಗಸರ ಅಳು ಕೇಳುತ್ತಿರಲಿಲ್ಲ. ಅತ್ತು ಮುಗಿದಿತ್ತು. ಮಂಗಳಗೌರಿ ಇನ್ನೂ ಒಂದು ಹೆಜ್ಜೆ ಹೋಗಲೇಬೇಕಿತ್ತು.

"ಬೋರಯ್ಯ ಕೀಗೆ ಕೆಂಪು ದಾರ ಕಟ್ಟಿದ್ದ. ವಾಪಸ್ ತನ್ನಿ, ಬಿಗಿ ಮಾಡ್ತೀನಿ ಅಂದಿದ್ದ. ನೀವು ತಗೊಂಡು ಹೋಗಲಿಲ್ಲ. ನಿಮ್ಮನ್ನ ಯಾರೂ ಕೊಲೆಗಾರ ಅನ್ನಲ್ಲ ಯಜಮಾನ್ರೇ. ಆದ್ರೆ ಬಿಗಿ ಮಾಡಿಸದೆ ಬಿಟ್ರಿ ಅಂತ ನೀವು ಬರೆದುಕೊಟ್ರೆ, ನಾಳೆ ಒಬ್ಬ ಹುಡುಗ ಮನೆಗೆ ಹೋಗ್ತಾನೆ."

ಸೋಮಶೇಖರಪ್ಪ ತಲೆ ಎತ್ತಿದರು. ಆ ಕಣ್ಣುಗಳಲ್ಲಿ ಈಗ ದುಃಖಕ್ಕಿಂತ ಹೆಚ್ಚಾಗಿ ಅರ್ಥವಾಗದ ನೋಟವಿತ್ತು.

"ಬಿಟ್ಟೆ ಅಂತ ಯಾರಂದ್ರು?"

"ಬೋರಯ್ಯ. ಬಂಡಿ ವಾಪಸ್ ಬರಲೇ ಇಲ್ಲ ಅಂದ."

"ಅಲ್ಲಿಗೆ ಹೋಗ್ಲಿಲ್ಲ ನಿಜ. ಇಪ್ಪತ್ತು ನಿಮಿಷದ ಕೆಲಸಕ್ಕೆ ಯಾಕೆ ಅಷ್ಟು ದೂರ ಅಂತ ಇಲ್ಲೇ ಮಾಡಿಸಿದೆ. ಶನಿವಾರ ಮಧ್ಯಾಹ್ನವೇ. ಈ ಬಾಗಿಲ ಮುಂದೆಯೇ."

ಅವರು ಗೋಡೆ ಹಿಡಿದು ಎದ್ದರು. ದೇವರ ಗೂಡಿನ ಮುಂದೆ ನಿಂತು, ವಿಭೂತಿ ಗಟ್ಟಿಯ ಹಿಂದೆ ಕೈಯಾಡಿಸಿ, ಏನನ್ನೋ ತಂದು ಅವಳ ಮುಂದಿನ ಚಾಪೆಯ ಮೇಲಿಟ್ಟರು.

ಒಂದು ಕೆಂಪು ದಾರ. ಅದರಲ್ಲಿ ಪೋಣಿಸಿ ಗಂಟು ಹಾಕಿದ ಎರಡು ವಾಷರುಗಳು. ಹಳೆಯವು, ತುಕ್ಕು ಹಿಡಿದವು.

"ಬೋರಯ್ಯಂಗೆ ವಾಪಸ್ ಕೊಡಾಣ ಅಂತ ಇಟ್ಟಿದ್ದೆ. ಅವನ ಸಾಮಾನು."

ಮಂಗಳಗೌರಿ ಚೀಲ ತೆರೆದಳು. ಮೊಹರಾದ ಲಕೋಟೆಯ ಪಾರದರ್ಶಕ ಬದಿಯಿಂದ ಇನ್ನೆರಡು ವಾಷರುಗಳು ಕಾಣುತ್ತಿದ್ದವು. ವ್ಯಾನಿನಿಂದ ಬೆಳಿಗ್ಗೆ ತೆಗೆದವು. ಹೊಗೆಯ ಮಸಿ ಹತ್ತಿದ್ದರೂ ಅಂಚು ಹೊಳೆಯುತ್ತಿತ್ತು. ಹೊಸವು.

ಬೆಳಿಗ್ಗೆಯೇ ಅದನ್ನು ನೋಡಿದ್ದಳು. ಹೊಳಪಿಗೆ ಅರ್ಥವಿದೆ ಎಂದು ಹೊಳೆದಿರಲಿಲ್ಲ.

ಬೋರಯ್ಯ ಹಾಕಿದ್ದು ಎರಡು. ಅವು ಇಲ್ಲಿವೆ. ಅಂದರೆ ಶನಿವಾರ ಮಧ್ಯಾಹ್ನ ಬಿಗಿಯಾಗಿದ್ದ ಸಂದಿಯನ್ನು ಮಂಗಳವಾರ ಬೆಳಗಾಗುವುದರೊಳಗೆ ಯಾರೋ ಮತ್ತೆ ಬಿಚ್ಚಿದ್ದರು. ಏನಾಗುತ್ತದೆ ಎಂದು ತಿಳಿದೇ ಬಿಚ್ಚಿದ್ದರು.

"ಇವನ್ನ ತೆಗೆದು ಬಿಗಿ ಮಾಡಿದ್ದು ಯಾರು?" ಎಂದು ಕೇಳಿದಳು. ಉತ್ತರ ಬೇಡವಾಗಿತ್ತು.

"ಇನ್ಯಾರು? ಓಬಳೇಶ. ರಜಾ ಇದ್ರೂ ಫೋನ್ ಮಾಡಿ ಕರೆಸಿದೆ. ಬಂಡಿ ಕೆಳಗೆ ಮಲಗಿ ತೆಗೆದ. ಇದ್ಯಾಕೆ ಇಟ್ಟವ್ರೆ ಯಜಮಾನ್ರೇ ಅಂತ ಕೇಳಿದ. ಹೊಗೆ ಒಳಗೆ ಬಂದ್ರೆ ಜೀವಕ್ಕೆ ಅಪಾಯ ಅಂತ, ಅದಕ್ಕೇ ಬೇಗ ತೆಗೀ ಅಂತ ನಾನೇ ಹೇಳಿದೆ." ಅವರು ಗೋಡೆಗೆ ಒರಗಿದರು. "ನಾನೇ ಹೇಳಿಕೊಟ್ಟೆ ಅಮ್ಮಾ."

ಮಂಗಳಗೌರಿ ಎದ್ದು ಹೊರಗೆ ಬಂದಳು. ಜೀಪಿನ ಹಿಂದಿನ ಬಾಗಿಲು ತೆಗೆದು ಪ್ಲಾಸ್ಟಿಕ್ ಚೀಲದಿಂದ ಅಂಗಿಯನ್ನು ಹೊರತೆಗೆದಳು. ಬಿಸಿಲಿಗೆ ಹಿಡಿದು ಬೆನ್ನಿನ ಭಾಗ ಬಿಡಿಸಿದಳು. ಎರಡು ಭುಜಗಳ ನಡುವೆ, ನೆಲಕ್ಕೆ ಬೆನ್ನು ಕೊಟ್ಟು ಮಲಗಿದವನಿಗೆ ಮಾತ್ರ ಆಗುವಂ­ಥ ಕಪ್ಪು ಕಲೆ.

ಶನಿವಾರ ಒಂದು ಸಲ. ಅದಕ್ಕೆ ಸಾಕ್ಷಿ ಒಳಗೆ ಕುಳಿತಿದ್ದರು. ಸೋಮವಾರ ಇನ್ನೊಂದು ಸಲ. ಅದಕ್ಕೆ ಸಾಕ್ಷಿ ಬಿ.ಜಿ. ಕೆರೆಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು.

ನಾಲ್ಕು ಬೆರಳು ಇಳಿಸಿದ ಗಾಜು. ನಿಲ್ಲಿಸದ ಇಂಜಿನ್. ಇಪ್ಪತ್ತು ನಿಮಿಷದ ಟೀ. ಬೆಳಿಗ್ಗೆಯವರೆಗೂ ಅವನನ್ನು ಉಳಿಸುತ್ತಿದ್ದ ಮಾತುಗಳೇ ಈಗ ಒಂದೊಂದಾಗಿ ಇನ್ನೊಂದು ಕಡೆಗೆ ಹೋಗಿ ನಿಂತವು. ಆದರೂ ಒಂದು ಉಳಿದಿತ್ತು. ಸಾಣೀಕೆರೆಯ ಜಾಲಿಗಿಡದಲ್ಲಿ ಸಿಕ್ಕಾಗ ಅವನಿಗೂ ಪ್ರಜ್ಞೆ ಇರಲಿಲ್ಲ, ಕೈ ಮಾತ್ರ ಹಿಂದಿನ ಸೀಟಿನ ಬಾಗಿಲ ಹಿಡಿಯ ಮೇಲಿತ್ತು. ಆ ಬಾಗಿಲನ್ನು ಅವನು ಮುಚ್ಚಲು ಹಿಡಿದಿದ್ದನೋ, ತೆಗೆಯಲು ಹಿಡಿದಿದ್ದನೋ?

ಪಾತಣ್ಣನ ಫೋನು ಬಡಿದುಕೊಂಡಿತು. ಅವನು ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು ಹೇಳಿದ:

"ಲಕ್ಷ್ಮಕ್ಕ, ಮೇಡಂ. ಪಕ್ಕದ ಮನೆ ಫೋನಿಂದ ಮಾಡ್ಯಾಳೆ. ಅಂಗಿ ಕೊಟ್ರಾ ಅಂತ ಕೇಳ್ತಾಳೆ. ಏನ್ ಹೇಳ್ಲಿ?"

ಮಂಗಳಗೌರಿ ಅಂಗಿಯನ್ನು ಅದೇ ಮಡಿಕೆಗಳ ಮೇಲೆ ಮತ್ತೆ ಮಡಿಸಿದಳು. ಜೀಪಿನ ಡ್ಯಾಶ್‌ಬೋರ್ಡಿನಿಂದ ಇನ್ನೊಂದು ಖಾಲಿ ಲಕೋಟೆ ತೆಗೆದಳು. ಮೊಹರು ಹಾಕುವ ಅರಗಿನ ಕಡ್ಡಿಯನ್ನೂ ತೆಗೆದಳು.

"ಫೋನ್ ಇಲ್ಲಿ ಕೊಡಿ," ಎಂದಳು.